ಬಸುರಿಯ ಅಪೆಂಡಿಕ್ಸ್: ತಡ ಮಾಡಿದಷ್ಟೂ ಮಗುವಿಗೆ ಕುತ್ತು

'ಹೆರಿಗೆ ಆಗಲಿ, ಆಪರೇಷನ್ ಆಮೇಲೆ ನೋಡೋಣ' ಎಂಬ ಮಾತು ತೊಂದರೆ ಕೊಡದ ಹರ್ನಿಯಾಕ್ಕೆ ಸರಿ. ಅಪೆಂಡಿಸೈಟಿಸ್‌ಗೆ, ಅಂದರೆ ಅಪೆಂಡಿಕ್ಸ್‌ನ ಉರಿಯೂತಕ್ಕೆ, ಖಂಡಿತ ಸಲ್ಲದು. ಅಪೆಂಡಿಕ್ಸ್ ಒಡೆಯುವ ಮೊದಲೇ ತೆಗೆದರೆ ಮಗುವನ್ನು ಕಳೆದುಕೊಳ್ಳುವ ಸಂಭವ ನೂರಕ್ಕೆ ಸುಮಾರು 3ರಿಂದ 5. ಒಡೆದು ಕೀವು ಹೊಟ್ಟೆಯೊಳಗೆ ಹರಡಿದರೆ ಅದು 20 ದಾಟುತ್ತದೆ. ಬಸುರಿಯರ ಅಪೆಂಡಿಸೈಟಿಸ್‌ನಲ್ಲಿ ಸಾವು ತರುವುದು ವಿಳಂಬವೇ ಎಂದು ಅಮೆರಿಕದ ವೈದ್ಯ ಬ್ಯಾಬ್ಲರ್ 1908ರಲ್ಲೇ ಬರೆದಿದ್ದರು.

ತಡವಾಗಲು ಕಾರಣವೂ ಇದೆ. ವಾಂತಿ, ಹೊಟ್ಟೆನೋವು ಬಸುರಿಯರಲ್ಲಿ ಮಾಮೂಲು. ಬಿಳಿ ರಕ್ತಕಣ 16,000 ಇದ್ದರೂ ಸೋಂಕು ಎನ್ನಲಾಗದು. ಬೆಳೆದ ಗರ್ಭಕೋಶ ಹೊಟ್ಟೆಯ ಗೋಡೆಯನ್ನು ಅಪೆಂಡಿಕ್ಸ್‌ನಿಂದ ದೂರ ಎತ್ತಿರುವುದರಿಂದ, ಒತ್ತಿ ನೋಡಿದಾಗ ಹೊಟ್ಟೆ ಬಿಗಿಯುವುದೂ ಕಡಿಮೆ. ಮೊದಲು ಅಲ್ಟ್ರಾಸೌಂಡ್, ಅದರಲ್ಲಿ ಕಾಣದಿದ್ದರೆ ಗ್ಯಾಡೋಲಿನಿಯಂ (ಚಿತ್ರ ಸ್ಪಷ್ಟವಾಗಲು ರಕ್ತಕ್ಕೆ ಕೊಡುವ ಔಷಧ) ಇಲ್ಲದ ಎಂಆರ್‌ಐ ಮಾಡಿಸಬೇಕು.

ಅರಿವಳಿಕೆ ಕೊಟ್ಟರೆ ಮಗು ಅಂಗವಿಕಲವಾಗುತ್ತದೆ ಎಂಬ ಭಯ ಇನ್ನೂ ಹೋಗಿಲ್ಲ. ಸ್ವೀಡನ್‌ನಲ್ಲಿ 1973ರಿಂದ 1981ರವರೆಗೆ ಬಸುರಿಯರಿಗೆ ಆದ 5,405 ಆಪರೇಷನ್‌ಗಳನ್ನು ಪರಿಶೀಲಿಸಿದಾಗ ಹುಟ್ಟುದೋಷಗಳು ಹೆಚ್ಚಾಗಿರಲಿಲ್ಲ. ಕಡಿಮೆ ತೂಕದ ಶಿಶುಗಳು, ಹುಟ್ಟಿದ ಒಂದು ವಾರದೊಳಗಿನ ಸಾವುಗಳು ಮಾತ್ರ ಹೆಚ್ಚಿದ್ದವು. ಅದರಲ್ಲಿ ಮೂಲ ಕಾಯಿಲೆಯ ಪಾಲೂ ಇರಬಹುದು.

ನಿಜವಾಗಿ ಗಮನ ಕೊಡಬೇಕಾದದ್ದು ಟೇಬಲ್ ಮೇಲೆ ಮಲಗಿಸುವ ರೀತಿಗೆ. ಸುಮಾರು 20 ವಾರ ದಾಟಿದ ಬಸುರಿಯನ್ನು ನೇರ ಅಂಗಾತ ಮಲಗಿಸಿದರೆ, ಕಾಲು-ಸೊಂಟದ ರಕ್ತವನ್ನು ಹೃದಯಕ್ಕೆ ಒಯ್ಯುವ ತೆಳುಗೋಡೆಯ ಮಹಾಸಿರೆಯ ಮೇಲೆ ಗರ್ಭಕೋಶ ಕೂರುತ್ತದೆ. ತೋಟದ ಪೈಪನ್ನು ಯಾರೋ ತುಳಿದ ಹಾಗೆ, ಹರಿವು ಅಲ್ಲೇ ಕುಗ್ಗುತ್ತದೆ. ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾದರೆ ಅದು ಹೊರಗೆ ತಳ್ಳುವುದೂ ಕಡಿಮೆ. ತಾಯಿಯ ಮಿದುಳು ಬಿಪಿ ಇಳಿದಾಗ ತನ್ನ ರಕ್ತನಾಳಗಳನ್ನು ಹಿಗ್ಗಿಸಿಕೊಂಡು ಹರಿವನ್ನು ಕಾಯ್ದುಕೊಳ್ಳುತ್ತದೆ; ಗರ್ಭಕೋಶಕ್ಕೆ ಆ ಅನುಕೂಲವಿಲ್ಲ, ತಾಯಿಯ ಬಿಪಿ ಇಳಿದಷ್ಟೂ ಮಗುವಿನ ಆಮ್ಲಜನಕ ಇಳಿಯುತ್ತದೆ. ತೋಳಿನ ಪಟ್ಟಿಯಲ್ಲಿ ಬಿಪಿ ಸರಿಯಿದ್ದಾಗಲೂ ಗರ್ಭಕೋಶದ ಹರಿವು ಕುಗ್ಗಿರಬಹುದು. ಅದಕ್ಕೇ ಬಲ ಸೊಂಟದ ಕೆಳಗೆ ದಿಂಬಿಟ್ಟು, ಇಲ್ಲವೇ ಟೇಬಲನ್ನೇ ಸುಮಾರು 15 ಡಿಗ್ರಿ ಎಡಕ್ಕೆ ವಾಲಿಸಬೇಕು.

ಉಸಿರಾಟದ ಲೆಕ್ಕವೂ ಬೇರೆ. ಆಮ್ಲಜನಕದ ಬಳಕೆ ಐದನೇ ಒಂದರಷ್ಟು ಹೆಚ್ಚಿದ್ದು, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಹೆಚ್ಚುಕಡಿಮೆ ಅಷ್ಟೇ ಕುಗ್ಗಿರುತ್ತದೆ. ಹಾಗಾಗಿ ಪ್ರಜ್ಞೆ ತಪ್ಪಿಸುವ ಮೊದಲು ಮಾಸ್ಕ್ ಬಿಗಿಯಾಗಿ ಹಿಡಿದು ಮೂರು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿ ಆದರೆ ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸ್‌ನ ಒತ್ತಡ 10ರಿಂದ 15 ಮಿ.ಮೀ. ಪಾದರಸದೊಳಗಿರಲಿ, ಮಗುವಿನ ಎದೆಬಡಿತವನ್ನು ಆಪರೇಷನ್‌ಗೆ ಮೊದಲೂ ನಂತರವೂ ನೋಡಿ ಬರೆದಿಡಲಿ.