ಪದ ಪರಿಚಯ: ಆತಂಕ

ತಾಲ್ಲೂಕು ಮಟ್ಟದ ಕ್ರೀಡಾಕೂಟ ಶುರುವಾದರೆ ಸಾಕು, ಬಳ್ಳಾರಿಯಿಂದ ರಾಯಚೂರಿನ ತನಕ ಮೈದಾನದ ಅಂಚಿನಲ್ಲಿ ಒಂದೇ ಮಾತು: 'ಹುಡುಗ ಚಲೋ ಆಡ್ತಾನ್ರಿ, ಆದ್ರ ಅಂಜುಬುರುಕ.' ಈಚೆಗೆ ನಾಲ್ಕಕ್ಷರ ಓದಿದವರು ಇದನ್ನೇ 'ಅವನಿಗೆ ಆತಂಕ' ಅನ್ನತೊಡಗಿದ್ದಾರೆ. ಪದ ಬದಲಾಯಿತು, ಬೈಗುಳ ಹಾಗೇ ಉಳಿಯಿತು.

'ಅಂಜು' ದ್ರಾವಿಡ ಧಾತು, ತಮಿಳಿನಲ್ಲೂ ಅದೇ ಅರ್ಥ. ಅಂಜಿಕೆ ಬರುತ್ತದೆ, ಹೋಗುತ್ತದೆ. ಅದಕ್ಕೆ 'ಬುರುಕ' ಹತ್ತಿತೋ, ಅಳುಬುರುಕನ ಹಾಗೆ ಅದು ಹಣೆಪಟ್ಟಿ. 'ಆತಂಕ' ಸಂಸ್ಕೃತದ್ದು, ಅಲ್ಲಿ ರೋಗ, ನೋವು, ಭಯ ಎಂಬ ಅರ್ಥಗಳಿವೆ. ಹಿಂದಿಯವರು ಭಯದ ಎಳೆ ಹಿಡಿದು 'ಆತಂಕವಾದಿ'ಯ ತನಕ ಹೋದರು. ಕನ್ನಡದಲ್ಲಿ ಅದು ತಡೆ, ವಿಘ್ನವೂ ಆಯಿತು. ಕೊಪ್ಪಳದ ಗವಿಮಠದ ಜಾತ್ರೆ 'ಅಡ್ಡಿ ಆತಂಕ ಇಲ್ಲದೆ' ಮುಗಿಯಿತು ಅನ್ನುತ್ತೇವಲ್ಲ, ಆ ಆತಂಕ. ಅಡ್ಡಿ ಇರುವುದು ದಾರಿಯಲ್ಲಿ. ಅದಕ್ಕಾಗಿ ನಡೆಯುವವನನ್ನು ಯಾರೂ ಬೈಯುವುದಿಲ್ಲ. ಆಡುವ ಮಕ್ಕಳ ವಿಷಯದಲ್ಲಿ ಈ ಹಳೆಯ ಅರ್ಥವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕಬಡ್ಡಿಯನ್ನೇ ನೋಡಿ. ಎದುರಿಗೆ ಏಳು ಜನ ಕೈ ಕೈ ಹಿಡಿದು ನಿಂತಾಗ ಎದೆ ಡವಗುಟ್ಟಿದರೆ ಅದು ಭಯ, ಸೀಟಿ ಊದಿದ ಮೇಲೆ ಇಳಿಯುತ್ತದೆ. ಮೂರು ದಿನ ಮೊದಲೇ ನಿದ್ದೆ ಕೆಟ್ಟು, ಪಂದ್ಯದ ಬೆಳಿಗ್ಗೆ ತಿಂದದ್ದು ವಾಂತಿಯಾಗಿ, ಬಿಸಿಲಲ್ಲೂ ಅಂಗೈ ತಣ್ಣಗಾದರೆ ಅದು ಆತಂಕ. ಇನ್ನೂ ಬಾರದ ಸೋಲಿಗೆ ದೇಹ ಈಗಲೇ ಅಡ್ರಿನಲಿನ್ ಎಂಬ ಹಾರ್ಮೋನು ಸುರಿಸಿರುತ್ತದೆ. ರೈಡಿಗೆ ಇರುವುದು 30 ಸೆಕೆಂಡು. ಉಸಿರು ಎದೆಯ ಮೇಲುಭಾಗದಲ್ಲೇ ಆಡುತ್ತಿದ್ದರೆ 'ಕಬಡ್ಡಿ ಕಬಡ್ಡಿ' ನಡುವೆಯೇ ಕಡಿಯುತ್ತದೆ, ಪಾಯಿಂಟ್ ಹೋಗುತ್ತದೆ. ಉಸಿರು ಕಡಿದದ್ದು ಗ್ಯಾಲರಿಗೆ ಕಾಣುವುದಿಲ್ಲ, 'ಅಂಜಿದ' ಅಂದುಬಿಡುತ್ತದೆ. ಇದೇ ಹುಡುಗ ಅಭ್ಯಾಸದಲ್ಲಿ ತನಗಿಂತ ಹತ್ತು ಕಿಲೋ ಹೆಚ್ಚು ತೂಕದವನನ್ನೂ ಕಾಲು ಹಿಡಿದು ಕೆಡವದೆ ಬಿಡುವವನಲ್ಲ.

'ಟೆನ್ಷನ್ ತಗೋಬ್ಯಾಡ' ಅನ್ನುವುದು ಬಿಕ್ಕಳಿಕೆ ಬಂದವನಿಗೆ ಬಿಕ್ಕಬ್ಯಾಡ ಅಂದಂತೆ. ಎದೆಬಡಿತ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತದೆ. ಮೂಗಿನಿಂದ 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ, 5 ನಿಮಿಷ. ಹೊರಗೆ ಬಿಡುವುದು ಉದ್ದವಾದಾಗ ಬಡಿತ ಇಳಿಯುತ್ತದೆ. ಇದನ್ನು ಎರಡು ವಾರ ಮೊದಲಿನಿಂದ ರಾತ್ರಿ ಮಲಗುವಾಗ ರೂಢಿ ಮಾಡಿಸಬೇಕು. ಪಂದ್ಯದ ದಿನ ಹೊಸದಾಗಿ ಹೇಳಿಕೊಟ್ಟರೆ ಅದೇ ಇನ್ನೊಂದು ಪರೀಕ್ಷೆ. ಊಟ ಎರಡು ಮೂರು ಗಂಟೆ ಮೊದಲು, ರೂಢಿಯದ್ದೇ: ಮೊಸರನ್ನ, ಬಾಳೆಹಣ್ಣು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಪಂದ್ಯ ಮುಗಿದ ಮೇಲೆ. ಕೊನೆಯ ಅರ್ಧ ಗಂಟೆ ಅಪ್ಪ ಅವ್ವ ಸುಮ್ಮನಿದ್ದರೆ ಉಪಕಾರ. ಕೋಚ್ ಒಂದೇ ಒಂದು ಸೂಚನೆ ಕೊಡಲಿ.

ಇನ್ನು 'ಪಾಪ, ಈ ಸಲ ಬ್ಯಾಡ ಬಿಡು' ಅನ್ನುವ ಕರುಣೆ. ಮನೆಗೆ ಬಂದ ಕೂಡಲೇ ಮಗು ಹಗುರಾಗುತ್ತದೆ, ತಪ್ಪಿಸಿಕೊಂಡರೆ ಆರಾಮ ಎಂದು ಮೈ ಕಲಿತುಬಿಡುತ್ತದೆ, ಮುಂದಿನ ಸಲ ಆತಂಕ ದುಪ್ಪಟ್ಟು. ಎಳೆದು ಒಯ್ಯುವುದೂ ಬೇಡ. ಮೊದಲು ಓಣಿಯ ಪಂದ್ಯ, ಆಮೇಲೆ ಬೇರೆ ಶಾಲೆಯ ಅಂಗಳದಲ್ಲಿ ಬದಲಿ ಆಟಗಾರನಾಗಿ 5 ನಿಮಿಷ, ಆಮೇಲೆ ಪೂರ್ತಿ ಪಂದ್ಯ. ಒಂದು ಮೆಟ್ಟಿಲಲ್ಲಿ ಆತಂಕ ಇಳಿಯುವ ತನಕ ಅಲ್ಲೇ ಇರಲಿ.

ಪಂದ್ಯವೇ ಇಲ್ಲದ ದಿನಗಳಲ್ಲೂ ವಾರಗಟ್ಟಲೆ ನಿದ್ದೆ, ಊಟ, ಶಾಲೆ ಕೆಟ್ಟರೆ ಅದು ಕೋಚ್ ಕೆಲಸ ಅಲ್ಲ, ಮನೋವೈದ್ಯರದ್ದು. ಸಾಯುವ ಮಾತು ಬಂದರೆ ಅದೇ ದಿನ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದೇ, ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನು ನೋಡಿ. ಅದಕ್ಕೆ 'ಬಳ್ಳಾರಿ ಮಾದರಿ' ಅಂತಲೇ ಹೆಸರು. ಅದೇ ಜಿಲ್ಲೆಯಲ್ಲಿ ಇವತ್ತಿಗೂ ತಾಯತ ಮೊದಲು, ಡಾಕ್ಟರು ಆಮೇಲೆ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416: ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.