ಕಕ್ಕಡದ ಮಳೆಯಲ್ಲಿ ಆಡಿನ ಮೇವು

ಕೊಡಗಿನಲ್ಲಿ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ಹಿಡಿದ ಮೇಲೆ, ಹೊಸದಾಗಿ ಆಡು ಸಾಕಿದವರು ನನ್ನ ಬಳಿ ಬಂದು, "ಡಾಕ್ಟ್ರೇ, ಭೇದಿ ಇರಲಿಲ್ಲ, ಮೇವು ಬಿಟ್ಟಿರಲಿಲ್ಲ, ಚಳಿಗೆ ಸತ್ತುಹೋಯಿತು" ಎಂದು ಹೇಳುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಅಂಥ ಆಡಿನ ಹೊಟ್ಟೆಯನ್ನು ಕೊಯ್ದು ನೋಡಿದಾಗ, ನಾಲ್ಕನೆಯ ಜಠರದ ಒಳಗೋಡೆಗೆ ನೂಲೆಳೆಯಂಥ ಹುಳುಗಳು ಕಚ್ಚಿಕೊಂಡಿರುತ್ತವೆ. ರಕ್ತ ಹೀರುವ ಈ ಹುಳುವಿಗೆ ಹೀಮಾಂಕಸ್ ಎಂದು ಹೆಸರು. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ ಎಂದರೆ ಅಲ್ಪವೆನಿಸಬಹುದು. ಆದರೆ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ಆಯಿತು, 20 ಕಿಲೋ ತೂಗುವ ಆಡಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಒಂದೂವರೆ ಲೀಟರಿನ ಆಸುಪಾಸು ಮಾತ್ರ.

ಈ ಹುಳುವಿನ ಮರಿಗಳು ಒದ್ದೆ ಹುಲ್ಲನ್ನು ಹತ್ತಿ ಬುಡದಿಂದ ಕೆಲವೇ ಅಂಗುಲ ಎತ್ತರದಲ್ಲಿ ಕಾದಿರುತ್ತವೆ. ಆಡು ಹುಟ್ಟಾ ತಲೆಯೆತ್ತಿ ಸೊಪ್ಪು ತಿನ್ನುವ ಪ್ರಾಣಿ. ಅದನ್ನು ಹಸುವಿನಂತೆ ಗದ್ದೆಯಂಚಿನ ಗಿಡ್ಡ ಹುಲ್ಲಿನಲ್ಲಿ ಗೂಟಕ್ಕೆ ಕಟ್ಟಿದರೆ ಪ್ರತಿ ಬಾಯಿ ಮೇವಿನೊಂದಿಗೂ ಹುಳುವನ್ನು ತಿನ್ನಿಸಿದಂತಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹಲಸು, ಹಾಲುವಾಣ, ಅತ್ತಿಯ ಸೊಪ್ಪನ್ನು ಕಡಿದು ತಂದು, ಸೂರಿನಡಿ ಅರ್ಧ ದಿನ ಬಾಡಿಸಿ, ಆಡಿನ ತಲೆಗಿಂತ ತುಸು ಎತ್ತರದಲ್ಲಿ ಕಟ್ಟುಕಟ್ಟಾಗಿ ತೂಗುಹಾಕಬೇಕು. ನೆಲಕ್ಕೆ ಬಿದ್ದು ತುಳಿದ ಸೊಪ್ಪನ್ನು ಆಡು ಮೂಸಿಯೂ ನೋಡುವುದಿಲ್ಲ, ಅದು ಸೊಕ್ಕಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ. 25 ಕಿಲೋ ತೂಕದ ಆಡಿಗೆ ದಿನಕ್ಕೆ ಮೂರರಿಂದ ನಾಲ್ಕು ಕಿಲೋ ಹಸಿ ಸೊಪ್ಪು ಬೇಕಾಗುತ್ತದೆ.

ಕಾಫಿ ತೋಟದವರು ಇನ್ನೊಂದು ಎಚ್ಚರ ವಹಿಸಬೇಕು. ಕಾಫಿಗೂ ಮೆಣಸಿನ ಬಳ್ಳಿಗೂ ಮೈಲುತುತ್ತ-ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವಾಗ ಬಳ್ಳಿ ಹಬ್ಬಿದ ಹಾಲುವಾಣದ ಎಲೆಗಳ ಮೇಲೂ ಮೈಲುತುತ್ತ ಕೂರುತ್ತದೆ. ಅಂಥ ಮರದ ಸೊಪ್ಪನ್ನು ಆಡಿಗೆ ಹಾಕಬೇಡಿ. ಬೇಲಿಯ ಲಂಟಾನವನ್ನೂ ಮೇವಿನ ಕಟ್ಟಿಗೆ ಸೇರಿಸಬಾರದು, ಅದು ಯಕೃತ್ತನ್ನು ಕೆಡಿಸಿ ಕಾಮಾಲೆ ತರುತ್ತದೆ.

ಹುಳುವಿನ ಬಾಧೆಯನ್ನು ತಿಳಿಯಲು ಭೇದಿಗಾಗಿ ಕಾಯಬೇಡಿ, ಹೀಮಾಂಕಸ್ ಇದ್ದಾಗ ಹಿಕ್ಕೆ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ. ವಾರಕ್ಕೊಮ್ಮೆ ಕೆಳರೆಪ್ಪೆಯನ್ನು ಮೆಲ್ಲನೆ ಬಿಡಿಸಿ ನೋಡಿ: ಒಳಭಾಗ ಕೆಂಪಗಿದ್ದರೆ ಚಿಂತೆಯಿಲ್ಲ, ಬಿಳಿಚಿದ್ದರೆ ಅಥವಾ ಗದ್ದದ ಕೆಳಗೆ ನೀರು ತುಂಬಿದಂತೆ ಊದಿದ್ದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಔಷಧವನ್ನು ಅಂದಾಜಿನಲ್ಲಿ ಕುಡಿಸದೆ, ತೂಕ ನೋಡಿ ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಿ. ಕಡಿಮೆ ಪ್ರಮಾಣಕ್ಕೆ ಸಾಯದೆ ಉಳಿದ ಹುಳುಗಳ ಸಂತತಿಗೆ ಮುಂದೆ ಆ ಔಷಧವೇ ನಾಟುವುದಿಲ್ಲ.

ಕೊಟ್ಟಿಗೆಯ ನೆಲವನ್ನು ಭೂಮಿಯಿಂದ ಎರಡು-ಮೂರು ಅಡಿ ಎತ್ತರಿಸಿ, ಹಿಕ್ಕೆ ಕೆಳಗುದುರುವಷ್ಟು ಸಂದು ಬಿಟ್ಟು ಪಟ್ಟಿ ಹೊಡೆಸಿದರೆ ಗೊರಸು ಕೊಳೆಯುವ ಕಾಟವೂ ತಗ್ಗುತ್ತದೆ. ಹಿರೇಬೇನೆ (ಪಿಪಿಆರ್) ಮತ್ತು ಕರುಳುಬೇನೆಯ ಲಸಿಕೆಗಳನ್ನು ಮಳೆಗೆ ಮುಂಚೆಯೇ ಹಾಕಿಸಿರಬೇಕು.

ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ತೊಂದರೆ ಬೇರೆ ಬಗೆಯದು. ಕಣದಲ್ಲಿ ರಾಶಿ ಹಾಕಿದ ಹೊಸ ಭತ್ತಕ್ಕೆ ಆಡು ಬಾಯಿ ಹಾಕಿದರೆ ಹೊಟ್ಟೆಯಲ್ಲಿ ಹುಳಿ ಏರಿ ಒಂದೆರಡು ದಿನದಲ್ಲೇ ಸಾಯಬಹುದು. ಕಾಳು ತಿಂದದ್ದು ಗೊತ್ತಾದರೆ ಉಳಿದ ಕಾಳನ್ನು ತೆಗೆದಿಟ್ಟು, ಒಣಹುಲ್ಲನ್ನು ಮಾತ್ರ ಮುಂದಿಟ್ಟು, ಆಡು ಮಂಕಾಗುವವರೆಗೆ ಕಾಯದೆ ವೈದ್ಯರನ್ನು ಕರೆಸಿ.