ಮನೆ ತೆರಿಗೆ ಏರಿತು, ಟೀಚರ್ ಸಂಬಳ ಯಾಕೆ ಏರಲಿಲ್ಲ? ಟೆಕ್ಸಾಸ್ ಶಾಲೆಗಳ ಲೆಕ್ಕ

ಪ್ಲೇನೋ, ಇರ್ವಿಂಗ್, ರೌಂಡ್ ರಾಕ್ ಕಡೆ ಮನೆ ಕೊಂಡಿರುವ ಕನ್ನಡಿಗರಿಗೆ ಪ್ರತಿ ಅಕ್ಟೋಬರ್‌ನಲ್ಲಿ ಆಸ್ತಿ ತೆರಿಗೆಯ ಬಿಲ್ ಬರುತ್ತದೆ. ಅದರಲ್ಲಿ ಸಿಟಿ, ಕೌಂಟಿ, ಕಾಲೇಜು ಎಲ್ಲಕ್ಕಿಂತ ದೊಡ್ಡ ಪಾಲು ಸ್ಕೂಲ್ ಡಿಸ್ಟ್ರಿಕ್ಟಿನದು, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯದು. ಇಷ್ಟೊಂದು ಕಟ್ಟಿದರೂ ಮಗಳ ಟೀಚರ್ ಸಂಬಳ ಸಾಲದೆ ಪಕ್ಕದ ಡಿಸ್ಟ್ರಿಕ್ಟಿಗೆ ಹೋದರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ, ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಸಹಜ. ಯಾರೋ ನುಂಗಿದರು ಎಂಬ ಉತ್ತರ ಸುಲಭ, ಆದರೆ ಅದು ತಪ್ಪು. ಉತ್ತರ ಇರುವುದು ರಾಜ್ಯದ ಅನುದಾನ ಸೂತ್ರದಲ್ಲಿ.

ಮೊದಲು ಒಂದು ವ್ಯತ್ಯಾಸ ಗಮನದಲ್ಲಿರಲಿ. ನಮ್ಮ ಕರ್ನಾಟಕದಲ್ಲಿ ಬೀದರ್‌ನ ಸರ್ಕಾರಿ ಶಾಲೆಯ ಮೇಷ್ಟರಿಗೂ ಮಡಿಕೇರಿಯ ಮೇಷ್ಟರಿಗೂ ವೇತನ ಶ್ರೇಣಿ ಒಂದೇ, ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಟೆಕ್ಸಾಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಒಂದೊಂದೂ ಬೇರೆ ಬೇರೆ ಮಾಲೀಕ. ರಾಜ್ಯ ಕನಿಷ್ಠ ಸಂಬಳದ ಪಟ್ಟಿಯನ್ನಷ್ಟೇ ಹಾಕುತ್ತದೆ. 2019ರ ಕಾನೂನಿನ ನಂತರ ಬಂದ ಪಟ್ಟಿಯಲ್ಲಿ ಹೊಸ ಟೀಚರ್‌ಗೆ ವರ್ಷಕ್ಕೆ 33,660 ಡಾಲರ್, 20 ವರ್ಷ ಪಾಠ ಮಾಡಿದವರಿಗೆ 54,540. ಡಾಲಸ್ ಸುತ್ತಮುತ್ತ ಈ ಪಟ್ಟಿಗೆ ಬೆಲೆಯಿಲ್ಲ, ಅಲ್ಲಿ ದೊಡ್ಡ ಡಿಸ್ಟ್ರಿಕ್ಟ್‌ಗಳು ಹೊಸಬರಿಗೇ 60 ಸಾವಿರ ದಾಟಿ ಕೊಡುತ್ತವೆ. ಪಶ್ಚಿಮ ಟೆಕ್ಸಾಸ್‌ನ ಸಣ್ಣ ಊರುಗಳಲ್ಲಿ ಮಾತ್ರ ಅದಕ್ಕೆ ಇನ್ನೂ ಅರ್ಥವಿದೆ. ಸಂಘಟಿತವಾಗಿ ಸಂಬಳ ಚೌಕಾಸಿ ಮಾಡುವ ಹಕ್ಕಾಗಲಿ, ಮುಷ್ಕರದ ಹಕ್ಕಾಗಲಿ ಇಲ್ಲಿನ ಟೀಚರ್‌ಗಳಿಗಿಲ್ಲ. ಹಾಗಾಗಿ ಸಂಬಳ ಏರಬೇಕಾದರೆ ಪಕ್ಕದ ಡಿಸ್ಟ್ರಿಕ್ಟಿನ ಪೈಪೋಟಿಯಿಂದ ಏರಬೇಕು, ಇಲ್ಲವೇ ರಾಜಧಾನಿ ಆಸ್ಟಿನ್‌ನ ಶಾಸನಸಭೆ ಏರಿಸಬೇಕು.

ಸೂತ್ರದ ಬುಡದಲ್ಲಿರುವುದು ಬೇಸಿಕ್ ಅಲಾಟ್‌ಮೆಂಟ್, ಅಂದರೆ ಒಂದು ಮಗುವಿಗೆ ಇಷ್ಟು ಎಂಬ ಮೂಲ ಮೊತ್ತ. 2019ರಲ್ಲಿ ಅದನ್ನು 5,140ರಿಂದ 6,160 ಡಾಲರ್‌ಗೆ ಏರಿಸಿದರು. ಆಮೇಲೆ ಆರು ವರ್ಷ ಅದನ್ನು ಮುಟ್ಟಲಿಲ್ಲ. 2025ರಲ್ಲಿ ಏರಿಸಿದ್ದು 55 ಡಾಲರ್, ಈಗ 6,215. ಈ ಅವಧಿಯಲ್ಲಿ ಅಮೆರಿಕದ ಬೆಲೆಗಳು ಸುಮಾರು ಕಾಲು ಭಾಗ ಏರಿವೆ. 2019ರ ಕೊಳ್ಳುವ ಶಕ್ತಿ ಉಳಿಯಬೇಕಾದರೆ ಈ ಮೊತ್ತ 7,700ರ ಹತ್ತಿರ ಇರಬೇಕಿತ್ತು.

ಈ ಹಣ ಬರುವುದು ದಾಖಲಾದ ಮಕ್ಕಳ ಲೆಕ್ಕಕ್ಕಲ್ಲ, ಸರಾಸರಿ ದೈನಂದಿನ ಹಾಜರಾತಿಯ ಲೆಕ್ಕಕ್ಕೆ. ದಿನದ ಗೊತ್ತುಪಡಿಸಿದ ಹೊತ್ತಿನಲ್ಲಿ ತರಗತಿಯಲ್ಲಿ ಇದ್ದವರೇ ಹಾಜರು. ಛತ್ರದ ಮದುವೆಯೂಟದಲ್ಲಿ ಎಲೆಗೆ ಇಷ್ಟು ಎಂದು ದುಡ್ಡು ಕೊಡುವ ಹಾಗೆ. ಹತ್ತು ಎಲೆ ಕಡಿಮೆಯಾದರೆ ಬರುವ ಹಣ ಇಳಿಯುತ್ತದೆ, ಅಡುಗೆ ಭಟ್ಟರ ಕೂಲಿ ಇಳಿಯುವುದಿಲ್ಲ.

ಮೂರನೇ ತರಗತಿಯ ಒಂದು ಕೋಣೆ ತೆಗೆದುಕೊಳ್ಳಿ. ನಾಲ್ಕನೇ ತರಗತಿವರೆಗೆ ಒಂದು ಕೋಣೆಗೆ 22 ಮಕ್ಕಳೆಂಬುದು ಕಾನೂನಿನ ಮಿತಿ. 22 ಮಕ್ಕಳೂ ದಿನಾ ಬಂದರೆ ಮೂಲ ಮೊತ್ತ 1,36,730 ಡಾಲರ್. ಹಾಜರಾತಿ ನೂರಕ್ಕೆ 93 ಇದ್ದರೆ ಸಿಗುವುದು 1,27,159. ಒಂದೇ ಕೋಣೆಯಲ್ಲಿ 9,571 ಡಾಲರ್ ಹೋಯಿತು. ಟೀಚರ್ ಒಬ್ಬರೇ, ಕರೆಂಟು ಅಷ್ಟೇ, ಬಸ್ಸು ಓಡಿದ ದಾರಿಯೂ ಅಷ್ಟೇ. ಉಳಿದ ಹಣವೂ ಆ ಟೀಚರ್ ಒಬ್ಬರಿಗೇ ಅಲ್ಲ. ಸಂಗೀತ, ವ್ಯಾಯಾಮದ ಶಿಕ್ಷಕರು, ನರ್ಸ್, ಲೈಬ್ರೇರಿಯನ್, ಕೌನ್ಸಿಲರ್, ಪ್ರಿನ್ಸಿಪಾಲ್, ಕಟ್ಟಡದ ವಿಮೆ ಎಲ್ಲಕ್ಕೂ ಈ ಕೋಣೆಯಿಂದಲೇ ಪಾಲು ಹೋಗಬೇಕು.

ಅದೇ ಕೋಣೆಯಿಂದ ನಾಲ್ಕು ಮಕ್ಕಳು ಬೇರೆ ಊರಿಗೆ ಹೋದರು ಎನ್ನಿ. ಆದಾಯ 1,04,039ಕ್ಕೆ ಇಳಿಯುತ್ತದೆ, ಖರ್ಚು ಇದ್ದಲ್ಲೇ ಇರುತ್ತದೆ. ಶಾಲೆಯ ಮಕ್ಕಳೆಲ್ಲ ಒಂದೇ ಕೋಣೆಯಿಂದ ಬಿಟ್ಟುಹೋಗುವುದಿಲ್ಲವಲ್ಲ, ಒಂದೊಂದು ತರಗತಿಯಿಂದ ಇಬ್ಬರು ಮೂವರು ಹೋಗುತ್ತಾರೆ. ಆಗ ಯಾವ ಕೋಣೆಯನ್ನೂ ಮುಚ್ಚಲಾಗದು. ಕಡೆಗೆ ಇಡೀ ಶಾಲೆಯನ್ನೇ ಮುಚ್ಚಬೇಕಾಗುತ್ತದೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಪ್ಲೇನೋ ಡಿಸ್ಟ್ರಿಕ್ಟ್ ನಾಲ್ಕು ಶಾಲೆಗಳನ್ನು ಮುಚ್ಚಲು 2024ರಲ್ಲಿ ನಿರ್ಧರಿಸಿತು.

ಇಲ್ಲಿ ಭಾರತೀಯ ಪೋಷಕರಿಗೆ ಸಂಬಂಧಿಸಿದ ಒಂದು ಮಾತಿದೆ. ಶಾಲೆ ವರ್ಷಕ್ಕೆ ಸುಮಾರು 175 ದಿನ ಎಂದಿಟ್ಟುಕೊಂಡರೆ, ಒಂದು ಮಗುವಿನ ಒಂದು ದಿನದ ಗೈರಿಗೆ ಡಿಸ್ಟ್ರಿಕ್ಟ್ ಕಳೆದುಕೊಳ್ಳುವುದು 35 ಡಾಲರ್ ಚಿಲ್ಲರೆ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿ ಎರಡು ವಾರ ತಡವಾಗಿ ಬಂದರೆ 350 ಡಾಲರ್ ದಾಟುತ್ತದೆ. ಆದರೆ ಯುಗಾದಿ, ದೀಪಾವಳಿಗೆ ಮುಂಚಿತವಾಗಿ ಚೀಟಿ ಬರೆದುಕೊಟ್ಟು ಮನೆಯಲ್ಲಿ ಉಳಿಸಿಕೊಂಡರೆ, ಅದು ಧಾರ್ಮಿಕ ದಿನದ ರಜೆ. ತಪ್ಪಿದ ಪಾಠವನ್ನು ಮಗು ಮುಗಿಸಿಕೊಟ್ಟರೆ ಅನುದಾನದ ಲೆಕ್ಕದಲ್ಲಿ ಹಾಜರು. ಡಾಕ್ಟರ್ ಹತ್ತಿರ ಹೋದ ದಿನ ಅರ್ಧ ಹೊತ್ತಾದರೂ ಶಾಲೆಗೆ ಬಂದು ಡಾಕ್ಟರ್ ಚೀಟಿ ಕೊಟ್ಟರೂ ಹಾಗೆಯೇ. ಚೀಟಿ ಕೊಡದ ಸೋಮಾರಿತನಕ್ಕೇ ಎಷ್ಟೋ ಹಣ ಸೋರಿ ಹೋಗುತ್ತದೆ.

ಮೂಲ ಮೊತ್ತದ ಮೇಲೆ ತೂಕಗಳು ಸೇರುತ್ತವೆ. ಬಡ ಕುಟುಂಬದ ಮಗುವಿಗೆ, ಅದು ವಾಸಿಸುವ ಬಡಾವಣೆಯ ಸ್ಥಿತಿ ನೋಡಿ, 0.225ರಿಂದ 0.275ರವರೆಗೆ, ಅಂದರೆ ಸುಮಾರು 1,400ರಿಂದ 1,700 ಡಾಲರ್. ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ 0.1, ಡಿಸ್‌ಲೆಕ್ಸಿಯಾ ಇದ್ದರೆ 0.1. ಎಲ್ಲ ತೂಕವೂ ಮೂಲ ಮೊತ್ತವನ್ನೇ ಗುಣಿಸುವುದರಿಂದ, ಅದು ಆರು ವರ್ಷ ನಿಂತಲ್ಲೇ ನಿಂತಾಗ ಬಡ ಮಕ್ಕಳ ಪಾಲೂ ಅದರ ಜೊತೆಗೇ ನಿಂತಿತು.

ಇನ್ನು ತೆರಿಗೆ ಬಿಲ್ಲಿನ ವಿಷಯ. ಸೂತ್ರ ಮೊದಲು ಡಿಸ್ಟ್ರಿಕ್ಟಿಗೆ ಒಟ್ಟು ಎಷ್ಟು ಸಿಗಬೇಕೆಂದು ನಿರ್ಧರಿಸುತ್ತದೆ. ಅದರಲ್ಲಿ ಸ್ಥಳೀಯ ತೆರಿಗೆಯಿಂದ ಬಂದದ್ದನ್ನು ಕಳೆದು, ಕೊರತೆಯನ್ನು ರಾಜ್ಯ ತುಂಬುತ್ತದೆ. ನಿಮ್ಮ ಮನೆ ಬೆಲೆ ಏರಿ ತೆರಿಗೆ ಹೆಚ್ಚು ಬಂದರೆ ರಾಜ್ಯದ ಪಾಲು ಅಷ್ಟೇ ಇಳಿಯುತ್ತದೆ, ಶಾಲೆಯ ಒಟ್ಟು ಬದಲಾಗುವುದಿಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ಮನೆಮಾಲೀಕರಿಗೆ ಕೊಡುವ ವಿನಾಯಿತಿಯನ್ನು, ಅಂದರೆ ಮನೆ ಬೆಲೆಯಲ್ಲಿ ತೆರಿಗೆಯ ಲೆಕ್ಕಕ್ಕೆ ಸೇರದ ಭಾಗವನ್ನು, 2023ರಲ್ಲಿ ಒಂದು ಲಕ್ಷ ಡಾಲರ್‌ಗೆ, 2025ರ ನವೆಂಬರ್‌ನ ಮತದಾನದ ಬಳಿಕ 1,40,000ಕ್ಕೆ ಏರಿಸಿದರು. ಆ ನಷ್ಟವನ್ನೂ ರಾಜ್ಯ ತುಂಬಿಕೊಡುತ್ತದೆ. ಶಾಲೆಗಳಿಗೆ ಇಷ್ಟು ಕೊಟ್ಟೆವು ಎಂದು ನಾಯಕರು ಹೇಳುವ ಮೊತ್ತದಲ್ಲಿ ಇದೂ ಸೇರಿರುತ್ತದೆ. ತರಗತಿಗೆ ಅದರಿಂದ ಒಂದು ಸೀಮೆಸುಣ್ಣವೂ ಹೆಚ್ಚು ಬರುವುದಿಲ್ಲ.

ಸ್ಥಳೀಯ ತೆರಿಗೆಯೇ ಅರ್ಹ ಮೊತ್ತವನ್ನು ಮೀರಿದರೆ? ಒಂದು ಕಾಲ್ಪನಿಕ ಡಿಸ್ಟ್ರಿಕ್ಟಿನ ಆಸ್ತಿ ಮೌಲ್ಯ 2,000 ಕೋಟಿ ಡಾಲರ್, ತೆರಿಗೆ ದರ ನೂರು ಡಾಲರ್‌ಗೆ 65 ಸೆಂಟ್ ಇರಲಿ. ಬರುವುದು 13 ಕೋಟಿ. ಸೂತ್ರ ಹೇಳಿದ್ದು 10 ಕೋಟಿ ಆದರೆ ಉಳಿದ 3 ಕೋಟಿ ರಾಜ್ಯಕ್ಕೆ. ಇದಕ್ಕೆ ರೀಕ್ಯಾಪ್ಚರ್ ಎನ್ನುತ್ತಾರೆ. ಇದರ ಹಿಂದೆ ದೊಡ್ಡ ಹೋರಾಟವಿದೆ. ಸ್ಯಾನ್ ಆಂಟೋನಿಯೋದ ಎಡ್ಜ್‌ವುಡ್ ಬಡ ಡಿಸ್ಟ್ರಿಕ್ಟಿನ ಪೋಷಕರು 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. 1989ರಲ್ಲಿ ಅದೇ ಎಡ್ಜ್‌ವುಡ್ ಟೆಕ್ಸಾಸ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು, 1993ರಲ್ಲಿ ರೀಕ್ಯಾಪ್ಚರ್ ಕಾನೂನು ಬಂತು. ಉದ್ದೇಶ ನ್ಯಾಯವಾದದ್ದೇ. ಆದರೆ ಆ ಹಣ ಬಡ ಡಿಸ್ಟ್ರಿಕ್ಟಿಗೆ ಹೆಚ್ಚುವರಿಯಾಗಿ ಸಿಗದೆ, ರಾಜ್ಯ ತನ್ನ ಕೈಯಿಂದ ಹಾಕಬೇಕಾದದ್ದನ್ನು ಉಳಿಸುತ್ತದೆ. ಅತಿ ಹೆಚ್ಚು ಕಟ್ಟುವ ಆಸ್ಟಿನ್ ಡಿಸ್ಟ್ರಿಕ್ಟಿನಲ್ಲಿ ಬಡ ಮಕ್ಕಳು ಬಹಳ ಇದ್ದಾರೆ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಫುಟ್‌ಬಾಲ್ ಸ್ಟೇಡಿಯಂಗೆ ದುಡ್ಡು ಎಲ್ಲಿಂದ ಬಂತು? ಡಾಲಸ್ ಬಳಿಯ ಆ್ಯಲನ್‌ನಲ್ಲಿ 2012ರಲ್ಲಿ 6 ಕೋಟಿ ಡಾಲರ್‌ನ, 18 ಸಾವಿರ ಆಸನದ ಸ್ಟೇಡಿಯಂ ತೆರೆಯಿತು. ಎರಡೇ ವರ್ಷದಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಬೇಕಾಯಿತು, ಅದು ಬೇರೆ ಕತೆ. ಇಂಥದಕ್ಕೆ ಬಳಸುವ ಬಾಂಡ್ ಹಣ, ಅಂದರೆ ಡಿಸ್ಟ್ರಿಕ್ಟ್ ಎತ್ತುವ ಸಾಲ, ತೀರುವುದು ತೆರಿಗೆಯ ಇನ್ನೊಂದು ಕಿಸೆಯಿಂದ. ಕಟ್ಟಡ, ಬಸ್ಸು, ಉಪಕರಣಕ್ಕೆ ಅದನ್ನು ಬಳಸಬಹುದು, ಸಂಬಳಕ್ಕೆ ಮುಟ್ಟುವಂತಿಲ್ಲ. ಆ ಕಿಸೆಗೆ ರೀಕ್ಯಾಪ್ಚರ್ ಕೂಡ ಇಲ್ಲ. ಸಂಬಳದ ಕಿಸೆಗೆ ಸ್ವಂತವಾಗಿ ಸೇರಿಸಿಕೊಳ್ಳಲು ಡಿಸ್ಟ್ರಿಕ್ಟಿಗೆ ಇರುವುದು ನೂರು ಡಾಲರ್ ಆಸ್ತಿ ಮೌಲ್ಯಕ್ಕೆ ಹೆಚ್ಚೆಂದರೆ 17 ಸೆಂಟ್. ಮೊದಲ 8 ಸೆಂಟಿಗೆ ರೀಕ್ಯಾಪ್ಚರ್ ತಾಗುವುದಿಲ್ಲ, ನಂತರದ 9ಕ್ಕೆ ತಾಗುತ್ತದೆ. ಪೂರ್ತಿ ಏರಿಸಲು ಮತದಾರರ ಒಪ್ಪಿಗೆ ಬೇಕು.

2025ರ ಕಾನೂನು ಹೊಸ ದಾರಿ ಹಿಡಿಯಿತು. ಮೂಲ ಮೊತ್ತಕ್ಕೆ ಚಿಲ್ಲರೆ ಸೇರಿಸಿ, ದೊಡ್ಡ ಗಂಟನ್ನು ನೇರವಾಗಿ ಸಂಬಳಕ್ಕೆ ಕಟ್ಟಿಹಾಕಿತು. 5,000 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಡಿಸ್ಟ್ರಿಕ್ಟಿನಲ್ಲಿ 3-4 ವರ್ಷ ಅನುಭವದ ಟೀಚರ್‌ಗೆ 4,000 ಡಾಲರ್, 5 ವರ್ಷ ಮೇಲ್ಪಟ್ಟವರಿಗೆ 8,000. ದೊಡ್ಡ ಡಿಸ್ಟ್ರಿಕ್ಟಿನಲ್ಲಿ 2,500 ಮತ್ತು 5,000. ಹೊಸಬರಿಗೆ ಮಾತ್ರ ಆಕರ್ಷಕ ಆರಂಭ ತೋರಿಸಿ, ಹತ್ತು ವರ್ಷ ದುಡಿದವರಿಗೆ ಎರಡು ಮೂರು ಸಾವಿರದ ವ್ಯತ್ಯಾಸವನ್ನಷ್ಟೇ ಉಳಿಸುವುದು ಇಲ್ಲಿನ ಹಳೆಯ ರೋಗ. ಅದಕ್ಕೆ ಇದು ಒಳ್ಳೆಯ ಮದ್ದು. ಆದರೆ ಕಾನೂನಿನ ಪ್ರಕಾರ ಕ್ಲಾಸ್‌ರೂಮ್ ಟೀಚರ್ ಅಂದರೆ ದಿನಕ್ಕೆ ಸರಾಸರಿ ನಾಲ್ಕು ಗಂಟೆಯಾದರೂ ಪಾಠ ಮಾಡುವವರು. ಲೈಬ್ರೇರಿಯನ್, ಕೌನ್ಸಿಲರ್, ನರ್ಸ್ ಈ ಗಂಟಿನಿಂದ ಹೊರಗುಳಿದರು. ಎರಡನೇ ವರ್ಷದ ಟೀಚರ್‌ಗೂ ಅದರಲ್ಲಿ ಪಾಲಿಲ್ಲ, ಕೆಲಸ ಬಿಡುವ ಯೋಚನೆ ಹೆಚ್ಚು ಬರುವುದು ಆ ವಯಸ್ಸಿನಲ್ಲೇ ಆದರೂ.

ಇದಲ್ಲದೆ ಉತ್ತಮ ಟೀಚರ್‌ಗಳನ್ನು ಗುರುತಿಸಿ ಕೊಡುವ ಟೀಚರ್ ಇನ್ಸೆಂಟಿವ್ ಅಲಾಟ್‌ಮೆಂಟ್ ಇದೆ. ಮೇಲಿನ ಹಂತದಲ್ಲಿ, ಬಡ ಅಥವಾ ಗ್ರಾಮೀಣ ಶಾಲೆಯಾದರೆ, 36 ಸಾವಿರ ಡಾಲರ್‌ವರೆಗೆ ಹೋಗುತ್ತದೆ. ನೂರಕ್ಕೆ 90ನ್ನು ಅದೇ ಶಾಲೆಯಲ್ಲಿ ಸಂಬಳಕ್ಕೇ ಬಳಸಬೇಕು. ಆದರೆ ಡಿಸ್ಟ್ರಿಕ್ಟ್ ತನ್ನ ಮೌಲ್ಯಮಾಪನ ವ್ಯವಸ್ಥೆಗೆ ರಾಜ್ಯದ ಒಪ್ಪಿಗೆ ಪಡೆಯಬೇಕು. ಸಣ್ಣ ಡಿಸ್ಟ್ರಿಕ್ಟಿಗೆ ಆ ಕಾಗದಪತ್ರವೇ ಮೂಗಿಗಿಂತ ಮೂಗುತಿ ಭಾರ.

ಕನ್ನಡಿಗ ಮನೆಗಳಿಂದ ಟೀಚರ್ ಕೆಲಸಕ್ಕೆ ಹೋಗುವವರು ಸಂಬಳದ ಅಂಕಿಯ ಜೊತೆ ಕಡಿತವನ್ನೂ ನೋಡಬೇಕು. 62 ಸಾವಿರ ಸಂಬಳದಲ್ಲಿ ಪಿಂಚಣಿ ನಿಧಿಗೆ 8.25 ಶೇಕಡಾ, ಅಂದರೆ 5,115 ಡಾಲರ್ ಹೋಗುತ್ತದೆ. ಹೆಚ್ಚಿನ ಡಿಸ್ಟ್ರಿಕ್ಟ್‌ಗಳಲ್ಲಿ ಸೋಷಿಯಲ್ ಸೆಕ್ಯುರಿಟಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಪಿಂಚಣಿ, ಇಲ್ಲ. ಐದು ವರ್ಷ ತುಂಬುವ ಮೊದಲು ಬಿಟ್ಟರೆ ಪಿಂಚಣಿ ಇಲ್ಲ, ನಿಮ್ಮ ದುಡ್ಡು 2 ಶೇಕಡಾ ಬಡ್ಡಿಯೊಂದಿಗೆ ವಾಪಸ್. ಆರೋಗ್ಯ ವಿಮೆಗೆ ರಾಜ್ಯ ತಿಂಗಳಿಗೆ 75, ಡಿಸ್ಟ್ರಿಕ್ಟ್ ಕನಿಷ್ಠ 150 ಕೊಡಬೇಕೆಂದು 2002ರಿಂದ ಇದೆ, ಇವತ್ತಿಗೂ ಅಷ್ಟೇ. ಎಷ್ಟೋ ವರ್ಷ ಸಂಬಳದ ಏರಿಕೆಯನ್ನು ವಿಮೆಯ ಕಂತೇ ತಿಂದುಹಾಕಿದೆ. ಕೆಲವು ಡಿಸ್ಟ್ರಿಕ್ಟ್‌ಗಳು ಕನಿಷ್ಠಕ್ಕಿಂತ ಬಹಳ ಹೆಚ್ಚು ಕೊಡುತ್ತವೆ, ಆದ್ದರಿಂದ ಸಾವಿರ ಡಾಲರ್ ಕಡಿಮೆ ಸಂಬಳದ ಕಡೆಯೇ ಕೈಗೆ ಹೆಚ್ಚು ಸಿಗಬಹುದು.

ಕಡೆಯದಾಗಿ ತಾರೀಖುಗಳ ಕಿರಿಕಿರಿ. ಡಿಸ್ಟ್ರಿಕ್ಟ್‌ಗಳು ಟೀಚರ್‌ಗಳನ್ನು ಹುಡುಕುವುದು ಮಾರ್ಚ್‌ನಿಂದ ಮೇ ತನಕ. ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ 140 ದಿನ, ಮುಗಿಯುವುದು ಜೂನ್ ಆಸುಪಾಸು. 2025ರ ಕಾನೂನಿಗೆ ಸಹಿ ಬಿದ್ದದ್ದು ಜೂನ್ 4ರಂದು. ಜುಲೈ 1ರಿಂದ ಹಣಕಾಸು ವರ್ಷ ಶುರುವಾಗುವ ಡಿಸ್ಟ್ರಿಕ್ಟ್ ಜೂನ್ 30ರೊಳಗೆ ಬಜೆಟ್ ಒಪ್ಪಬೇಕು. ಇತ್ತ ಟೀಚರ್ ದಂಡವಿಲ್ಲದೆ ರಾಜೀನಾಮೆ ಕೊಡಬಹುದಾದ ಗಡುವು ತರಗತಿ ಶುರುವಾಗುವ 45 ದಿನ ಮೊದಲು, ಆಗಸ್ಟ್ ಮಧ್ಯದಲ್ಲಿ ಶಾಲೆ ತೆರೆದರೆ ಅದು ಜೂನ್ ಕೊನೆಯ ದಿನಗಳು. ಹೊಸ ಸಂಬಳದ ಪಟ್ಟಿ ಹೊರಬಿದ್ದಾಗ ಯೋಚಿಸಲು ಸಿಗುವುದು ಎರಡು ಮೂರು ವಾರ. ಗಡುವು ದಾಟಿ ಬಿಟ್ಟರೆ ಪ್ರಮಾಣಪತ್ರಕ್ಕೇ ಕುತ್ತು ಬರಬಹುದು, ಬಿಟ್ಟುಹೋದವರ ಕೋಣೆಗೆ ಆಗಸ್ಟ್‌ನಲ್ಲಿ ಸಬ್‌ಸ್ಟಿಟ್ಯೂಟ್ ಬರುತ್ತಾರೆ.